ಲಕೋಟರ ತೋಟಗಳು: ನೆಲದ ಮೇಲಿನ ತೀರ್ಮಾನ ಯಾರದು?

1868ರಲ್ಲಿ ಅಮೆರಿಕ ಸರ್ಕಾರವು ಫೋರ್ಟ್ ಲಾರಮಿಯಲ್ಲಿ ಮೂಲನಿವಾಸಿಗಳಾದ ಲಕೋಟರೊಂದಿಗೆ ಮತ್ತು ಅವರ ಬಂಧು ಬುಡಕಟ್ಟುಗಳೊಂದಿಗೆ ಮಾಡಿಕೊಂಡ ಒಪ್ಪಂದದ ಎಂಟನೆಯ ವಿಧಿಯಲ್ಲಿ ಬೇಸಾಯದ ಪ್ರಸ್ತಾಪ ಬರುತ್ತದೆ. ಕುಟುಂಬದ ಯಜಮಾನನೊಬ್ಬ ತನ್ನ ಪಾಲಿನ ಜಮೀನು ಆರಿಸಿಕೊಂಡು, ಉಳುಮೆಯಿಂದಲೇ ಜೀವನ ಮಾಡಲು ಪ್ರಾಮಾಣಿಕವಾಗಿ ಹೊರಟಿದ್ದಾನೆ ಎಂಬುದು ಸರ್ಕಾರದ ಏಜೆಂಟನಿಗೆ ಮನವರಿಕೆಯಾದರೆ, ಮೊದಲ ವರ್ಷ 100 ಡಾಲರ್ ಮೀರದಷ್ಟು, ಆಮೇಲಿನ ಮೂರು ವರ್ಷ ತಲಾ 25 ಡಾಲರ್ ಮೀರದಷ್ಟು ಬೆಲೆಯ ಬೀಜ ಮತ್ತು ಸಲಕರಣೆಗಳನ್ನು ಅವನಿಗೆ ಕೊಡತಕ್ಕದ್ದು ಎಂದು ಅದರಲ್ಲಿ ಬರೆದಿದೆ. ಬೀಜ ಯಾರಿಗೆ ಸಿಗಬೇಕು, ಉಳುವವನು ಯಾರು, ಉಳುವ ಉದ್ದೇಶ ಪ್ರಾಮಾಣಿಕವೋ ಅಲ್ಲವೋ ಎಂಬ ಮೂರೂ ತೀರ್ಮಾನಗಳು ಹೊರಗಿನಿಂದ ಬಂದ ಒಬ್ಬ ಅಧಿಕಾರಿಯ ಕೈಯಲ್ಲಿದ್ದವು. ಸೌತ್ ಡಕೋಟ ರಾಜ್ಯದ ಲಕೋಟ ಮೀಸಲು ಪ್ರದೇಶಗಳಲ್ಲಿ, ಅಂದರೆ ಮೂಲನಿವಾಸಿಗಳಿಗೆಂದು ಉಳಿಸಿದ ನೆಲದಲ್ಲಿ, ಕಳೆದ ನಾಲ್ಕು ದಶಕಗಳಿಂದ ಹುಟ್ಟಿಕೊಂಡಿರುವ ಸಮುದಾಯ ತೋಟಗಳನ್ನು ಅರ್ಥ ಮಾಡಿಕೊಳ್ಳಬೇಕಾದರೆ ಈ ಏಜೆಂಟನನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕಾಗುತ್ತದೆ. ಈ ತೋಟಗಳ ವಿಷಯದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಎಷ್ಟು ಟೊಮೆಟೊ ಬೆಳೆಯಿತು ಎಂಬುದಲ್ಲ. ಆ ಮಣ್ಣಿನಲ್ಲಿ ಏನಾಗಬೇಕು ಎಂದು ನಿರ್ಧರಿಸಿದವರು ಯಾರು ಎಂಬುದು.

ಲಕೋಟರು ಉತ್ತರ ಅಮೆರಿಕದ ಮಧ್ಯಭಾಗದ ಹುಲ್ಲುಬಯಲಿನ ಜನ. ಒಗ್ಲಾಲ, ಸಿಚಾಂಗು, ಹುಂಕ್‌ಪಾಪ, ಮಿನಿಕೊಂಜು ಮೊದಲಾದ ಏಳು ಪಂಗಡಗಳ ಈ ಸಮುದಾಯವನ್ನು ಹೊರಗಿನವರು ಬಹುಕಾಲ ಸೂ ಎಂಬ ಹೆಸರಿನಿಂದ ಕರೆದರು. ಸಿಟ್ಟಿಂಗ್ ಬುಲ್ ಮತ್ತು ಕ್ರೇಜಿ ಹಾರ್ಸ್ ಎಂಬ ಇಬ್ಬರು ನಾಯಕರ ಮೂಲಕ ಇವರ ಹೆಸರು ಜಗತ್ತಿಗೆ ಪರಿಚಯ. ಇಂದು ಇವರ ಮುಖ್ಯ ನೆಲೆಗಳು ಪೈನ್ ರಿಜ್, ರೋಸ್‌ಬಡ್, ಶಯೆನ್ ರಿವರ್, ಸ್ಟ್ಯಾಂಡಿಂಗ್ ರಾಕ್ ಮತ್ತು ಲೋವರ್ ಬ್ರೂಲ್ ಎಂಬ ಐದು ಮೀಸಲು ಪ್ರದೇಶಗಳು. ಇವುಗಳಲ್ಲಿ ಪೈನ್ ರಿಜ್ ಒಂದೇ ಸುಮಾರು 9,000 ಚದರ ಕಿಲೋಮೀಟರ್‌ನಷ್ಟು ವಿಶಾಲವಾಗಿದೆ. 2020ರ ಜನಗಣತಿ ಅಲ್ಲಿ ಸುಮಾರು 19 ಸಾವಿರ ಜನರನ್ನು ಎಣಿಸಿದೆ. ನಿಜವಾದ ಸಂಖ್ಯೆ ಅದಕ್ಕಿಂತ ಬಹಳ ಹೆಚ್ಚು ಎಂಬುದು ಬುಡಕಟ್ಟು ಸರ್ಕಾರದ ವಾದ. ಪೈನ್ ರಿಜ್‌ನ ಬಹುಭಾಗವನ್ನು ಒಳಗೊಂಡ ಒಗ್ಲಾಲ ಲಕೋಟ ಕೌಂಟಿಯಲ್ಲಿ ಹುಟ್ಟಿದವರ ನಿರೀಕ್ಷಿತ ಆಯುಷ್ಯ 2014ರ ಅಂದಾಜಿನಲ್ಲಿ 66.8 ವರ್ಷ. ಅಮೆರಿಕದ ಎಲ್ಲ ಕೌಂಟಿಗಳಲ್ಲೂ ಅತಿ ಕಡಿಮೆಯ ಅಂಕಿ ಅದೇ ಆಗಿತ್ತು. ಸಕ್ಕರೆ ಕಾಯಿಲೆ ಮತ್ತು ಹೃದ್ರೋಗಗಳು ಇಲ್ಲಿ ಮನೆಮನೆಯ ಸಂಗತಿ. ತಾಜಾ ತರಕಾರಿ ಬೇಕೆಂದರೆ ಅನೇಕ ಹಳ್ಳಿಗಳವರು ನೂರು ಮೈಲಿಯ ಆಸುಪಾಸಿನಲ್ಲಿರುವ ರ‍್ಯಾಪಿಡ್ ಸಿಟಿಯವರೆಗೂ ಹೋಗುತ್ತಾರೆ, ಅದೂ ಓಡುವ ಸ್ಥಿತಿಯಲ್ಲಿರುವ ವಾಹನ ಮನೆಯಲ್ಲಿದ್ದರೆ.

ಈ ಪರಿಸ್ಥಿತಿಯನ್ನು ಬಡತನ ಎಂಬ ಒಂದೇ ಮಾತಿನಲ್ಲಿ ಹೇಳಿ ಮುಗಿಸಿದರೆ ಅದಕ್ಕೊಂದು ಇತಿಹಾಸವಿದೆ ಎಂಬುದೇ ಮರೆಯಾಗುತ್ತದೆ. ಲಕೋಟರು ಹಸಿವಿನ ಜನರಾಗಿರಲಿಲ್ಲ. ಬೈಸನ್ ಎಂಬ ಹುಲ್ಲುಬಯಲಿನ ದೊಡ್ಡ ಕಾಡುದನಗಳ ಹಿಂಡುಗಳ ಜೊತೆ ಸಂಚರಿಸುತ್ತಾ, ಕಾಡುಹಣ್ಣು ಮತ್ತು ಗೆಡ್ಡೆಗಳನ್ನು ಕಾಲಕಾಲಕ್ಕೆ ಸಂಗ್ರಹಿಸುತ್ತಾ, ಮೆಕ್ಕೆಜೋಳವನ್ನು ಮಿಸೌರಿ ನದಿ ಕಣಿವೆಯ ಬೇಸಾಯಗಾರರಾದ ಅರಿಕಾರ, ಮಂಡನ್, ಹಿಡಾಟ್ಸ ಜನರಿಂದ ವಿನಿಮಯದಲ್ಲಿ ಪಡೆಯುತ್ತಾ ಅವರು ಒಂದು ಸಮೃದ್ಧ ಆಹಾರ ವ್ಯವಸ್ಥೆಯನ್ನು ಕಟ್ಟಿಕೊಂಡಿದ್ದರು. ಕೋಟಿಗಳ ಲೆಕ್ಕದಲ್ಲಿದ್ದ ಬೈಸನ್‌ಗಳು 1880ರ ದಶಕದ ಕೊನೆಗೆ ಕೆಲವೇ ನೂರಕ್ಕೆ ಇಳಿದವು. 1874ರಲ್ಲಿ ಬ್ಲ್ಯಾಕ್ ಹಿಲ್ಸ್ ಬೆಟ್ಟಗಳಲ್ಲಿ ಚಿನ್ನ ಸಿಕ್ಕ ಮೇಲೆ ಆ ಬೆಟ್ಟಗಳನ್ನು ಬಿಟ್ಟುಕೊಡುವಂತೆ ಒತ್ತಡ ಹೆಚ್ಚಿತು. 1876ರ ಆಗಸ್ಟ್‌ನಲ್ಲಿ ಅಮೆರಿಕದ ಸಂಸತ್ತು, ಬೆಟ್ಟಗಳನ್ನು ಬಿಟ್ಟುಕೊಡುವವರೆಗೆ ಲಕೋಟರಿಗೆ ಪಡಿತರದ ಹಣ ಕೊಡಬಾರದು ಎಂದೇ ಕಾನೂನು ಮಾಡಿತು. ಭೂಮಿ ಬಿಟ್ಟುಕೊಡಲು ವಯಸ್ಕ ಗಂಡಸರಲ್ಲಿ ಮುಕ್ಕಾಲು ಪಾಲು ಮಂದಿಯ ಒಪ್ಪಿಗೆ ಬೇಕೆಂದು 1868ರ ಒಪ್ಪಂದದಲ್ಲಿ ಸ್ಪಷ್ಟವಾಗಿ ಬರೆದಿದ್ದರೂ ಹತ್ತನೆಯ ಒಂದು ಭಾಗದವರಷ್ಟೇ ಸಹಿ ಹಾಕಿದರು, ಭೂಮಿ ಹೋಯಿತು. 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಈ ಭೂಮಿಗೆ ಪರಿಹಾರ ಸಲ್ಲಬೇಕೆಂದು ತೀರ್ಪು ನೀಡಿ, ಬಡ್ಡಿ ಸೇರಿ ಹತ್ತು ಕೋಟಿ ಡಾಲರಿಗೂ ಮೀರಿದ ಮೊತ್ತವನ್ನು ಎತ್ತಿಹಿಡಿಯಿತು. ತಮಗೆ ಬೇಕಾದುದು ಹಣವಲ್ಲ, ಬೆಟ್ಟ ಎಂದು ಲಕೋಟರು ಇಂದಿನವರೆಗೂ ಆ ಹಣವನ್ನು ಮುಟ್ಟಿಲ್ಲ. ಅಮೆರಿಕದ ಅತ್ಯಂತ ಬಡ ಪ್ರದೇಶಗಳಲ್ಲಿ ಬದುಕುತ್ತಿರುವ ಜನ ನಲವತ್ತಕ್ಕೂ ಹೆಚ್ಚು ವರ್ಷಗಳಿಂದ ಇಂಥ ನಿಲುವಿಗೆ ಅಂಟಿಕೊಂಡಿರುವುದನ್ನು ನೋಡಿದರೆ, ಅವರಿಗೆ ನೆಲ ಏನೆಂಬುದು ತಿಳಿಯುತ್ತದೆ.

ಅನ್ನವನ್ನು ತಡೆದು ಭೂಮಿ ಪಡೆದ ಈ ಘಟನೆಯ ನಂತರ ಆಹಾರವು ಲಕೋಟರ ಬದುಕಿನಲ್ಲಿ ಸರ್ಕಾರದ ಹಿಡಿತಕ್ಕೆ ಸೇರಿದ ವಸ್ತುವಾಯಿತು. ಪಡಿತರದ ಹಿಟ್ಟು, ಕೊಬ್ಬು, ಸಕ್ಕರೆಗಳ ಮೇಲೆ ತಲೆಮಾರುಗಳು ಬೆಳೆದವು. 1977ರ ಕಾನೂನಿನಡಿ ಮೀಸಲು ಪ್ರದೇಶಗಳಿಗಾಗಿಯೇ ಒಂದು ಆಹಾರ ವಿತರಣಾ ಯೋಜನೆ ರೂಪುಗೊಂಡಿತು. ಡಬ್ಬಿಯ ಮಾಂಸ, ಗಟ್ಟಿ ಚೀಸ್, ಬಿಳಿ ಹಿಟ್ಟುಗಳೇ ಬಹುಕಾಲ ಅದರ ಮುಖ್ಯ ಪದಾರ್ಥಗಳು. ಹಿಟ್ಟನ್ನು ಕೊಬ್ಬಿನಲ್ಲಿ ಕರಿದ ರೊಟ್ಟಿ ಇಂದು ಹೊರಗಿನವರಿಗೆ ಮೂಲನಿವಾಸಿಗಳ ಸಾಂಪ್ರದಾಯಿಕ ತಿನಿಸಿನಂತೆ ಕಾಣುತ್ತದೆ. ವಾಸ್ತವದಲ್ಲಿ ಅದು ಪಡಿತರದ ಚೀಲದಿಂದ ಹುಟ್ಟಿದ ಅಡುಗೆ. ಪೈನ್ ರಿಜ್‌ನಲ್ಲಿ ಹುಟ್ಟಿದ ಒಗ್ಲಾಲ ಲಕೋಟ ಬಾಣಸಿಗ ಶಾನ್ ಶರ್ಮನ್ 2021ರಲ್ಲಿ ಮಿನಿಯಾಪೊಲಿಸ್‌ನಲ್ಲಿ ತೆರೆದ ಓವಾಮ್ನಿ ಎಂಬ ಉಪಾಹಾರಗೃಹದಲ್ಲಿ ಗೋಧಿ ಹಿಟ್ಟು, ಹಾಲು, ಸಕ್ಕರೆಗಳನ್ನು ದೂರವಿಟ್ಟು ಅಡುಗೆ ಮಾಡುತ್ತಿರುವುದರ ಹಿಂದೆ ಈ ಇತಿಹಾಸದ ಅರಿವಿದೆ.

ಪಡಿತರದ ಜೊತೆಗೇ ನೆಲವೂ ಕರಗುತ್ತಾ ಬಂತು. 1889ರಲ್ಲಿ ಮಹಾ ಸೂ ಮೀಸಲು ಪ್ರದೇಶವನ್ನು ಆರು ತುಂಡು ಮಾಡಿ ಸುಮಾರು 90 ಲಕ್ಷ ಎಕರೆಯನ್ನು ವಲಸಿಗರಿಗೆ ತೆರೆಯಲಾಯಿತು. 1942ರಲ್ಲಿ ಎರಡನೆಯ ಮಹಾಯುದ್ಧದ ಕಾರಣ ಹೇಳಿ ಪೈನ್ ರಿಜ್‌ನ 3,41,725 ಎಕರೆಯನ್ನು ವಿಮಾನದಿಂದ ಗುಂಡು ಹಾರಿಸುವ ಅಭ್ಯಾಸಕ್ಕೆಂದು ವಶಪಡಿಸಿಕೊಂಡು ನೂರಕ್ಕೂ ಹೆಚ್ಚು ಕುಟುಂಬಗಳನ್ನು ಎಬ್ಬಿಸಲಾಯಿತು. ಆಮೇಲೆ ಬಂದದ್ದು ಮಿಸೌರಿ ನದಿಯ ಅಣೆಕಟ್ಟುಗಳು. 1944ರ ಪಿಕ್–ಸ್ಲೋನ್ ಯೋಜನೆಯಡಿ ಕಟ್ಟಿದ ಓಆಹೆ ಜಲಾಶಯದಲ್ಲಿ ಶಯೆನ್ ರಿವರ್‌ನ ಸುಮಾರು 1,04,000 ಎಕರೆ, ಸ್ಟ್ಯಾಂಡಿಂಗ್ ರಾಕ್‌ನ ಸುಮಾರು 56,000 ಎಕರೆ ಮುಳುಗಿತು. ಎಕರೆಗಳ ಲೆಕ್ಕಕ್ಕಿಂತ ಮುಖ್ಯವಾದುದು ಮುಳುಗಿದ್ದು ಎಂಥ ನೆಲ ಎಂಬುದು. ಹುಲ್ಲುಬಯಲಿನ ಮೇಲ್ಭಾಗ ಗಾಳಿಗೆ ಒಡ್ಡಿಕೊಂಡ ಒಣನೆಲ. ನದಿಯ ಇಕ್ಕೆಲದ ತಗ್ಗಿನಲ್ಲಿ ಮಾತ್ರ ಮೆಕ್ಕಲು ಮಣ್ಣು, ಮರಗಳ ನೆರಳು, ಕಾಡುಹಣ್ಣಿನ ಪೊದೆಗಳು, ಚಳಿಗಾಲದಲ್ಲಿ ದನಗಳಿಗೆ ಮರೆ, ಬಾವಿಗೆ ನೀರು ಇದ್ದವು. ಆ ಹೊತ್ತಿಗೆ ತರಕಾರಿ ಬೆಳೆಯುತ್ತಿದ್ದ ಲಕೋಟ ಕುಟುಂಬಗಳ ಹಿತ್ತಿಲುಗಳೂ ಅಲ್ಲಿಯೇ ಇದ್ದವು. ಶಯೆನ್ ರಿವರ್‌ನ ಆಡಳಿತ ಕೇಂದ್ರವನ್ನು ನದಿಯಿಂದ ದೂರದ ಈಗಲ್ ಬ್ಯೂಟ್ ಎಂಬ ಎತ್ತರದ ಬಯಲು ಪಟ್ಟಣಕ್ಕೆ ಸಾಗಿಸಲಾಯಿತು. ಇಂದು ಅದೇ ಈಗಲ್ ಬ್ಯೂಟ್‌ನಲ್ಲಿ ಯುವಕರು ತೋಟ ಮಾಡುತ್ತಿದ್ದಾರೆ. ಅಲ್ಲಿ ಮಣ್ಣು ಕಟ್ಟಲು ವರ್ಷಗಳೇ ಏಕೆ ಬೇಕಾದವು ಎಂಬುದಕ್ಕೆ ಉತ್ತರ ಆ ಜಲಾಶಯದ ತಳದಲ್ಲಿದೆ.

ಕಳೆದುಹೋದ ನೆಲದ ಕಥೆಗಿಂತಲೂ, ಕೈಯಲ್ಲಿ ಉಳಿದಿರುವ ನೆಲದ ಕಥೆ ಹೆಚ್ಚು ಸಿಕ್ಕುಸಿಕ್ಕಾಗಿದೆ. ಸಮುದಾಯ ತೋಟಗಳು ಏಕೆ ಒಂದೆರಡು ಎಕರೆಯಲ್ಲೇ ನಿಲ್ಲುತ್ತವೆ ಎಂಬುದು ಇಲ್ಲಿಯೇ ತಿಳಿಯುವುದು. 1887ರ ಡಾಸ್ ಕಾಯಿದೆ ಬುಡಕಟ್ಟುಗಳ ಸಾಮೂಹಿಕ ಭೂಮಿಯನ್ನು ಒಡೆದು, ಒಂದೊಂದು ಕುಟುಂಬದ ಹೆಸರಿಗೆ 160 ಎಕರೆಯಂತಹ ತುಂಡುಗಳನ್ನು ಹಂಚುವ ಪದ್ಧತಿ ತಂದಿತು. ಹಂಚಿ ಉಳಿದದ್ದು ಬಿಳಿಯರಿಗೆ ಮಾರಾಟವಾಯಿತು. ದೇಶದಾದ್ಯಂತ ಮೂಲನಿವಾಸಿಗಳ ಕೈಯಲ್ಲಿದ್ದ ಸುಮಾರು 13.8 ಕೋಟಿ ಎಕರೆ 1934ರಲ್ಲಿ ಈ ಪದ್ಧತಿ ನಿಲ್ಲುವ ಹೊತ್ತಿಗೆ 4.8 ಕೋಟಿಗೆ ಇಳಿದಿತ್ತು. ಉಳಿದ ತುಂಡುಗಳ ಒಡೆತನವನ್ನು ಕೇಂದ್ರ ಸರ್ಕಾರ ವಿಶ್ವಸ್ತನಾಗಿ ತನ್ನ ಬಳಿಯೇ ಇಟ್ಟುಕೊಂಡಿತು. ಮೂಲ ಹಂಚಿಕೆದಾರರು ತೀರಿಕೊಂಡ ಹಾಗೆ, ಹಲವರು ಉಯಿಲು ಬರೆಯದೆಯೇ ಹೋದ ಕಾರಣ, ನೆಲ ಭಾಗವಾಗದೆ ಹಕ್ಕು ಮಾತ್ರ ಭಾಗವಾಗುತ್ತಾ ಹೋಯಿತು. ನಮ್ಮ ಊರುಗಳಲ್ಲಿ ಅಜ್ಜನ ಹೆಸರಿನಲ್ಲೇ ಉಳಿದ ಪಹಣಿಗೆ ಮೂರು ತಲೆಮಾರಿನ ವಾರಸುದಾರರೆಲ್ಲ ಸೇರಿ ಜಂಟಿ ಖಾತೆಯಾದಾಗ ಏನಾಗುತ್ತದೆಂದು ಬಲ್ಲವರು, ಒಂದೇ ತುಂಡಿಗೆ ನೂರಾರು ಮಂದಿ ಒಡೆಯರಿದ್ದು ಅವರಲ್ಲಿ ಅರ್ಧದಷ್ಟು ಜನ ಬೇರೆ ರಾಜ್ಯಗಳಲ್ಲಿದ್ದರೆ ಹೇಗಿರಬಹುದೆಂದು ಊಹಿಸಿಕೊಳ್ಳಬಹುದು. ಇಂಥ ಭೂಮಿಯನ್ನು ಗುತ್ತಿಗೆ ಕೊಡುವುದಕ್ಕೆ ಕಾನೂನು ಒಪ್ಪಿಗೆಯ ಪ್ರಮಾಣವನ್ನು ಗೊತ್ತುಮಾಡಿದೆ: ಐದು ಅಥವಾ ಕಡಿಮೆ ಒಡೆಯರಿದ್ದರೆ ಶೇಕಡಾ 90ರಷ್ಟು ಹಕ್ಕು ಇರುವವರ ಒಪ್ಪಿಗೆ ಬೇಕು, ಇಪ್ಪತ್ತು ಅಥವಾ ಹೆಚ್ಚು ಒಡೆಯರಿದ್ದರೆ ಅರ್ಧಕ್ಕಿಂತ ಹೆಚ್ಚು ಹಕ್ಕುದಾರರದ್ದು ಸಾಕು. ಅದರ ಮೇಲೆ ಕೇಂದ್ರದ ಇಂಡಿಯನ್ (ಅಂದರೆ ಅಮೆರಿಕದ ಮೂಲನಿವಾಸಿ) ವ್ಯವಹಾರಗಳ ಇಲಾಖೆಯ ಅನುಮೋದನೆ ಬೇಕು. ವಿಶ್ವಸ್ತ ಭೂಮಿಯನ್ನು ಇಲಾಖೆಯ ಅನುಮತಿಯಿಲ್ಲದೆ ಅಡವಿಡುವಂತಿಲ್ಲವಾದ್ದರಿಂದ ಬ್ಯಾಂಕುಗಳು ಸಾಲ ಕೊಡಲು ಹಿಂದೇಟು ಹಾಕುತ್ತವೆ.

ಇದರ ಫಲ ಏನೆಂದರೆ, ನೂರು ಜನ ಒಡೆಯರಿಗೆ ಒಟ್ಟಾಗಿ ಸೇರಿ ಉಳಲು ಆಗದ ನೆಲವನ್ನು ಟ್ರ್ಯಾಕ್ಟರು, ಬಂಡವಾಳ, ವಕೀಲ ಎಲ್ಲ ಇರುವ ಹೊರಗಿನ ಜಾನುವಾರು ಸಾಕಣೆದಾರ ಸುಲಭವಾಗಿ ಗುತ್ತಿಗೆಗೆ ಪಡೆಯುತ್ತಾನೆ. ಅಮೆರಿಕದ ಕೃಷಿ ಇಲಾಖೆಯ ಲೆಕ್ಕದಂತೆ 2002ರಲ್ಲಿ ಪೈನ್ ರಿಜ್‌ನ ಕೃಷಿ ಉತ್ಪನ್ನಗಳಿಂದ ಬಂದ ಆದಾಯ ಸುಮಾರು 3.3 ಕೋಟಿ ಡಾಲರ್. ಅದರಲ್ಲಿ ಬುಡಕಟ್ಟಿನ ಸದಸ್ಯರ ಕೈ ಸೇರಿದ್ದು ಮೂರನೆಯ ಒಂದು ಭಾಗಕ್ಕೂ ಕಡಿಮೆ. ನೆಲ ಅವರದು, ದಾಖಲೆಯಲ್ಲಿ ಹೆಸರೂ ಅವರದು, ಫಸಲಿನ ಹಣ ಮಾತ್ರ ಬೇರೆಯವರದು. ಒಂದು ಕುಟುಂಬ ತನ್ನ ಮನೆಯ ಪಕ್ಕದ ಅರ್ಧ ಎಕರೆಯಲ್ಲಿ ಆಲೂಗೆಡ್ಡೆ ಹಾಕಿದಾಗ ಅದು ಮೇಲ್ನೋಟಕ್ಕೆ ಬಹಳ ಸಣ್ಣ ಕೆಲಸ. ಆದರೆ ಆ ಅರ್ಧ ಎಕರೆಗೆ ಗುತ್ತಿಗೆ ಪತ್ರ ಬೇಕಿಲ್ಲ, ನೂರು ಸಹಿ ಬೇಕಿಲ್ಲ, ಇಲಾಖೆಯ ಮೊಹರು ಬೇಕಿಲ್ಲ. ಮೀಸಲು ಪ್ರದೇಶದಲ್ಲಿ ಒಂದು ಕುಟುಂಬ ಯಾರ ಅಪ್ಪಣೆಗೂ ಕಾಯದೆ ಆಳಬಲ್ಲ ನೆಲ ಬಹುಮಟ್ಟಿಗೆ ಅಷ್ಟೇ.

ಈ ಸಣ್ಣ ಜಾಗದಿಂದಲೇ ಕೆಲಸ ಆರಂಭವಾಯಿತು. ಪೈನ್ ರಿಜ್‌ನ ಸ್ಲಿಮ್ ಬ್ಯೂಟ್ಸ್ ಕೃಷಿ ಯೋಜನೆ 1980ರ ದಶಕದ ಮಧ್ಯಭಾಗದಿಂದ ಪ್ರತಿ ವಸಂತದಲ್ಲಿ ಟ್ರ್ಯಾಕ್ಟರುಗಳನ್ನು ಮನೆಮನೆಗೆ ಕಳಿಸಿ ಹಿತ್ತಿಲು ಉತ್ತುಕೊಡುವ, ಬೀಜ ಮತ್ತು ಸಸಿ ಹಂಚುವ ಕ್ರಮವನ್ನು ಬೆಳೆಸಿತು. ಇದಕ್ಕೆ ಬೆಂಬಲ ಕೊಟ್ಟ ರನ್ನಿಂಗ್ ಸ್ಟ್ರಾಂಗ್ ಎಂಬ ಸಂಸ್ಥೆಯನ್ನು 1986ರಲ್ಲಿ ಕಟ್ಟಿದವರಲ್ಲಿ ಒಬ್ಬರು ಬಿಲ್ಲಿ ಮಿಲ್ಸ್. ಪೈನ್ ರಿಜ್‌ನಲ್ಲಿ ಹುಟ್ಟಿ, 1964ರ ಟೋಕಿಯೊ ಒಲಿಂಪಿಕ್ಸ್‌ನ 10,000 ಮೀಟರ್ ಓಟದಲ್ಲಿ ಚಿನ್ನ ಗೆದ್ದವರು. ಉಳುಮೆಯ ನೆರವು ಹೊರಗಿನವರಿಗೆ ಸಾಮಾನ್ಯ ಎನಿಸಬಹುದು. ಆದರೆ ಶತಮಾನಗಳಿಂದ ಹುಲ್ಲಿನ ಬೇರು ಹೆಣೆದುಕೊಂಡ ಜಿಗುಟು ನೆಲವನ್ನು ಗುದ್ದಲಿಯಿಂದ ಒಡೆಯುವುದು ವಯಸ್ಸಾದ ಅಜ್ಜಿಗೋ ಕೆಲಸಕ್ಕೆ ಹೋಗುವ ತಾಯಿಗೋ ಆಗದ ಮಾತು. ಮೊದಲ ಉಳುಮೆ ಆಗಿಬಿಟ್ಟರೆ ಮುಂದಿನದನ್ನು ಮನೆಯವರು ನೋಡಿಕೊಳ್ಳುತ್ತಾರೆ. ಯಾವ ಮನೆಗೆ ಏನು ಬೇಕೋ ಅದನ್ನು ಆ ಮನೆಯೇ ಹಾಕಿಕೊಳ್ಳುತ್ತದೆ. ಹೊರಗಿನಿಂದ ಬಂದು ಮಾದರಿ ತೋಟ ತೋರಿಸಿ, ಬೇಸಿಗೆ ಮುಗಿದೊಡನೆ ಹೊರಟುಹೋಗುವ ಸ್ವಯಂಸೇವಕರ ಕಾರ್ಯಕ್ರಮಗಳಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ.

ಪೈನ್ ರಿಜ್‌ನ ಕೈಲ್ ಎಂಬ ಊರಿನ ಒಯಾತೆ ತೇಚ ಸಂಸ್ಥೆ ಇನ್ನೊಂದು ದಾರಿ ಹಿಡಿಯಿತು. ಅದರ ಮೆಡಿಸಿನ್ ರೂಟ್ ತೋಟಗಾರಿಕೆ ತರಗತಿಗಳು ತಿಂಗಳುಗಟ್ಟಲೆ ನಡೆಯುತ್ತವೆ: ಟ್ರೇಗಳಲ್ಲಿ ಬೀಜ ಮೊಳೆಸುವುದರಿಂದ ಹಿಡಿದು ಮಣ್ಣು ಸಿದ್ಧಪಡಿಸುವುದು, ನೀರು ಉಳಿಸುವುದು, ಕೊಯ್ಲಾದದ್ದನ್ನು ಬಾಟಲಿಯಲ್ಲಿ ಹಾಕಿಟ್ಟು ಚಳಿಗಾಲಕ್ಕೆ ಕಾಪಿಡುವುದರವರೆಗೆ ಕಲಿಸಲಾಗುತ್ತದೆ. ಪೋರ್ಕುಪೈನ್ ಎಂಬ ಊರಿನ ಬಳಿ ಯುವಜನರ ಗುಂಪೊಂದು 2007ರಲ್ಲಿ ಕಟ್ಟಿದ ಥಂಡರ್ ವ್ಯಾಲಿ ಸಮುದಾಯ ಅಭಿವೃದ್ಧಿ ಸಂಸ್ಥೆ 34 ಎಕರೆಯಲ್ಲಿ ಮನೆ, ಭಾಷಾ ಶಿಕ್ಷಣ, ಕೋಳಿ ಸಾಕಣೆ ಮತ್ತು ಭೂಶಾಖದಿಂದ ಬೆಚ್ಚಗಿರುವ ಹಸಿರುಮನೆಗಳನ್ನು ಒಂದೇ ಯೋಜನೆಯ ಭಾಗಗಳಾಗಿ ನೋಡಿತು. ರೋಸ್‌ಬಡ್‌ನಲ್ಲಿ ಸಿಚಾಂಗು ಸಮುದಾಯ ಅಭಿವೃದ್ಧಿ ಸಂಸ್ಥೆಯು ಮಿಷನ್ ಪಟ್ಟಣದ ಬಳಿ ಕೇಯ ವಾಕ್‌ಪಾಲ ತೋಟವನ್ನೂ ರೈತ ಸಂತೆಯನ್ನೂ ನಡೆಸುತ್ತಾ ಬಂದಿದೆ. ಇವೆಲ್ಲದರ ಸಾಮಾನ್ಯ ಲಕ್ಷಣವೆಂದರೆ, ಯಾವುದೂ ಬರೀ ತರಕಾರಿಗೆಂದು ಹುಟ್ಟಿದ್ದಲ್ಲ.

ಈಗಲ್ ಬ್ಯೂಟ್‌ನ ಶಯೆನ್ ರಿವರ್ ಯುವ ಯೋಜನೆಯನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು, ಏಕೆಂದರೆ ಸಬಲೀಕರಣ ಎಂಬ ಮಾತು ಕೆಲಸದಲ್ಲಿ ಹೇಗೆ ಕಾಣಿಸುತ್ತದೆ ಎಂಬುದು ಅಲ್ಲಿ ಸ್ಪಷ್ಟವಾಗಿದೆ. 1988ರಲ್ಲಿ ಜೂಲಿ ಗರೋ ಅವರು ಮಕ್ಕಳಿಗೆ ಸಂಜೆ ಹೊತ್ತು ಸುರಕ್ಷಿತ ಜಾಗವಿರಲಿ ಎಂದು ಈ ಸಂಸ್ಥೆ ಆರಂಭಿಸಿದರು. 1990ರ ದಶಕದ ಕೊನೆಯಲ್ಲಿ ಅದಕ್ಕೆ ವಿನ್ಯಾನ್ ತೋಕ ವಿನ್ ಎಂಬ ತೋಟ ಸೇರಿತು. ಇಂದು ಎರಡು ಎಕರೆಗೂ ಮಿಕ್ಕಿದ ಆ ತೋಟದಲ್ಲಿ ಕೀಟನಾಶಕವಿಲ್ಲದೆ ಬೆಳೆದ ತರಕಾರಿ ಮೊದಲು ಅಲ್ಲಿಗೆ ಬರುವ ಮಕ್ಕಳ ಊಟಕ್ಕೆ ಹೋಗುತ್ತದೆ, ಆಮೇಲೆ ಸಂಸ್ಥೆಯದೇ ಕೇಯ ಕೆಫೆಯ ಅಡುಗೆಮನೆಗೆ, ಉಳಿದದ್ದು ಮಾರಾಟಕ್ಕೆ. ಮೆಕ್ಕೆಜೋಳದ ದಂಟಿಗೆ ಬೀನ್ಸ್ ಬಳ್ಳಿ ಹಬ್ಬಿಸಿ, ಬುಡದಲ್ಲಿ ಕುಂಬಳದ ಎಲೆ ಹರಡಿ ತೇವ ಕಾಯುವ ಹಳೆಯ ಪದ್ಧತಿಯನ್ನು ಹದಿಹರೆಯದವರು ಅಲ್ಲಿ ಕೈಯಾರೆ ಮಾಡಿ ಕಲಿಯುತ್ತಾರೆ. ಸ್ಥಳೀಯ ಆಹಾರದ ಬಗ್ಗೆ ತರಬೇತಿ ಪಡೆಯುವ ಈ ಹುಡುಗ ಹುಡುಗಿಯರಿಗೆ ಭತ್ಯೆಯೂ ಸಿಗುತ್ತದೆ. ಬಿತ್ತನೆ, ಕೊಯ್ಲು, ಅಡುಗೆ, ದರ ಹಾಕುವುದು, ಗಿರಾಕಿಯೊಡನೆ ಮಾತಾಡುವುದು, ಲೆಕ್ಕ ಬರೆಯುವುದು ಎಲ್ಲವನ್ನೂ ಅವರೇ ಮಾಡುತ್ತಾರೆ. ಯುವಜನರ ಆತ್ಮಹತ್ಯೆ ಮತ್ತು ನಿರುದ್ಯೋಗ ದಶಕಗಳಿಂದ ಕಾಡುತ್ತಿರುವ ಊರಿನಲ್ಲಿ, ಹದಿನೇಳು ವರ್ಷದ ಹುಡುಗಿಯೊಬ್ಬಳ ಮೊದಲ ಸಂಪಾದನೆ ತನ್ನದೇ ಸಮುದಾಯದ ಸಂಸ್ಥೆಯಿಂದ, ತನ್ನದೇ ಜನರಿಗೆ ಊಟ ಬೆಳೆದ ಕೆಲಸಕ್ಕೆ ಬರುವುದನ್ನು ನಾನು ಕಿಲೋಗಳಲ್ಲಿ ಅಳೆಯಬಯಸುವುದಿಲ್ಲ. ಅಲ್ಲಿ ತಯಾರಾಗುತ್ತಿರುವುದು ನಾಳೆ ಬುಡಕಟ್ಟು ಮಂಡಳಿಯಲ್ಲಿ ಕುಳಿತು ಗುತ್ತಿಗೆಯ ಷರತ್ತುಗಳನ್ನು ಪ್ರಶ್ನಿಸಬಲ್ಲ ತಲೆಮಾರು.

ಹಾಗೆಂದು ಕಷ್ಟಗಳನ್ನು ಮುಚ್ಚಿಡಬೇಕಾಗಿಲ್ಲ. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 400ರಿಂದ 450 ಮಿಲಿಮೀಟರ್; ಹಿಮದ ಭಯವಿಲ್ಲದ ದಿನಗಳು ಹೆಚ್ಚುಕಡಿಮೆ 120. ಮೇ ಕೊನೆಯಲ್ಲಿ ನೆಟ್ಟ ಟೊಮೆಟೊ ಸಸಿ ಸೆಪ್ಟೆಂಬರ್ ಮಧ್ಯದೊಳಗೆ ಫಲ ಕೊಟ್ಟು ಮುಗಿಸಬೇಕು. ನಡುವೆ ಒಂದು ಆಲಿಕಲ್ಲು ಮಳೆ ಬಿದ್ದರೆ ಅರ್ಧ ಗಂಟೆಯಲ್ಲಿ ತೋಟ ಮುಗಿಯುತ್ತದೆ, ಒಣವರ್ಷಗಳಲ್ಲಿ ಮಿಡತೆಗಳು ಉಳಿದದ್ದನ್ನು ಮುಗಿಸುತ್ತವೆ. ಪಾಲಿಹೌಸ್‌ಗಳು ಋತುವನ್ನು ವಸಂತ ಮತ್ತು ಶರತ್ಕಾಲಗಳೆರಡರಲ್ಲೂ ಕೆಲವು ವಾರ ಹಿಗ್ಗಿಸುತ್ತವೆ. ಆದರೆ ಬಯಲಿನ ಗಾಳಿಗೆ ಹೊದಿಕೆ ಹರಿದರೆ ಬದಲಿಸಲು ಹಣ ಬೇಕು. ನೀರು ಇನ್ನೊಂದು ದೊಡ್ಡ ಪ್ರಶ್ನೆ. ಮಿಸೌರಿಯ ನೀರನ್ನು ಪೈನ್ ರಿಜ್, ರೋಸ್‌ಬಡ್, ಲೋವರ್ ಬ್ರೂಲ್‌ಗಳಿಗೆ ಕೊಳವೆಯಲ್ಲಿ ತರುವ ಮ್ನಿ ವಿಚೋನಿ ಯೋಜನೆಗೆ 1988ರಲ್ಲಿ ಕಾನೂನಿನ ಒಪ್ಪಿಗೆ ಸಿಕ್ಕಿ, ಕಾಮಗಾರಿ ದಶಕಗಳ ಕಾಲ ನಡೆಯಿತು. ಅದು ಕುಡಿಯುವ ನೀರಿನ ಯೋಜನೆ; 2019ರ ವಸಂತದ ಪ್ರವಾಹದಲ್ಲಿ ಪೈನ್ ರಿಜ್‌ನಲ್ಲಿ ಕೊಳವೆ ಒಡೆದು ಸಾವಿರಾರು ಜನ ನೀರಿಲ್ಲದೆ ಉಳಿದರು. ನಲ್ಲಿಯ ನೀರನ್ನೇ ನಂಬಿದ ಹಿತ್ತಿಲಿನ ತೋಟಕ್ಕೆ ಇದು ಎಂಥ ಆಧಾರ ಎಂಬುದನ್ನು ವಿವರಿಸಬೇಕಿಲ್ಲ.

ಏನು ಬೆಳೆಯಬೇಕು ಎಂಬ ತೀರ್ಮಾನವೂ ಪೂರ್ತಿ ಲಕೋಟರ ಕೈಯಲ್ಲಿಲ್ಲ ಎಂಬುದಕ್ಕೆ ಸೆಣಬಿನ ಪ್ರಕರಣ ಸಾಕ್ಷಿ. ನಾರಿಗಾಗಿ ಬೆಳೆಯುವ, ಗಾಂಜಾ ಜಾತಿಯದೇ ಆದರೂ ಅಮಲಿನ ಅಂಶ ತೀರಾ ಕಡಿಮೆಯಿರುವ ಕೈಗಾರಿಕಾ ಸೆಣಬನ್ನು (ಹೆಂಪ್) ಬೆಳೆಯಲು ಒಗ್ಲಾಲ ಬುಡಕಟ್ಟು ಸರ್ಕಾರ 1998ರಲ್ಲಿ ತನ್ನದೇ ಶಾಸನ ಮಾಡಿತು. ಅದನ್ನು ನಂಬಿ ಅಲೆಕ್ಸ್ ವೈಟ್ ಪ್ಲೂಮ್ ಅವರ ಕುಟುಂಬ 2000ದಲ್ಲಿ ಬಿತ್ತಿತು. ಆಗಸ್ಟ್‌ನಲ್ಲಿ ಫಸಲು ನಿಂತಿರುವಾಗ ಕೇಂದ್ರದ ಮಾದಕವಸ್ತು ನಿಗ್ರಹ ದಳದವರು ಬಂದು ಎಲ್ಲವನ್ನೂ ಕತ್ತರಿಸಿ ಒಯ್ದರು. ವೈಟ್ ಪ್ಲೂಮ್ ಅವರ ಮೇಲೆ ನ್ಯಾಯಾಲಯ ವಿಧಿಸಿದ ನಿರ್ಬಂಧ ತೆರವಾದದ್ದು 2016ರಲ್ಲಿ. 2018ರ ಕೃಷಿ ಕಾಯಿದೆ ದೇಶದ ಎಲ್ಲರಿಗೂ ಅದೇ ಬೆಳೆಯನ್ನು ಕಾನೂನುಬದ್ಧ ಮಾಡಿತು. ಮೊದಲು ಬಿತ್ತಿದವರು ಆ ಹೊತ್ತಿಗೆ ಹದಿನೈದಕ್ಕೂ ಹೆಚ್ಚು ವರ್ಷಗಳನ್ನು ಕಳೆದುಕೊಂಡಿದ್ದರು.

ಸಾಲದ ವಿಷಯದಲ್ಲೂ ಹೀಗೆಯೇ ನಡೆದಿದೆ. ಸ್ಟ್ಯಾಂಡಿಂಗ್ ರಾಕ್‌ನ ಜಾನುವಾರು ಸಾಕಣೆದಾರರಾದ ಜಾರ್ಜ್ ಮತ್ತು ಮರಿಲಿನ್ ಕೀಪ್‌ಸೀಗಲ್ ದಂಪತಿ ಮತ್ತಿತರರು, ಕೃಷಿ ಇಲಾಖೆ ಸಾಲ ನೀಡುವುದರಲ್ಲಿ ಮೂಲನಿವಾಸಿ ರೈತರಿಗೆ ತಾರತಮ್ಯ ಮಾಡುತ್ತಿದೆ ಎಂದು 1999ರಲ್ಲಿ ಮೊಕದ್ದಮೆ ಹೂಡಿದರು. 2010ರಲ್ಲಿ 76 ಕೋಟಿ ಡಾಲರಿನ ರಾಜಿಯಾಯಿತು. ಪರಿಹಾರ ಹಂಚಿ ಉಳಿದ ಹಣದಲ್ಲಿ 26.6 ಕೋಟಿ ಡಾಲರ್ ಸೇರಿಸಿ ಮೂಲನಿವಾಸಿ ಕೃಷಿ ನಿಧಿಯೊಂದನ್ನು ಸ್ಥಾಪಿಸಲಾಯಿತು. ಇಂದು ಬುಡಕಟ್ಟುಗಳ ಆಹಾರ ಯೋಜನೆಗಳಿಗೆ ಹಣ ಒದಗಿಸುವ ದೊಡ್ಡ ಮೂಲಗಳಲ್ಲಿ ಇದೂ ಒಂದು. ಅಂದರೆ ತೋಟಗಳಿಗೆ ಬರುವ ನೆರವಿನಲ್ಲಿ ಒಂದು ಪಾಲು ದಾನವಲ್ಲ, ಹಳೆಯ ಅನ್ಯಾಯಕ್ಕೆ ಸಂದ ಬಾಕಿ.

ತೋಟ ಎಂದೊಡನೆ ಉತ್ತ ಸಾಲುಗಳನ್ನಷ್ಟೇ ನೋಡುವುದೂ ಲಕೋಟರ ವಿಷಯದಲ್ಲಿ ಅರ್ಧ ನೋಟವೇ ಆಗುತ್ತದೆ. ಅವರ ಅತ್ಯಂತ ಹಳೆಯ ತರಕಾರಿ ಉಳದ ನೆಲದಲ್ಲಿ ಬೆಳೆಯುತ್ತದೆ. ತಿಂಪ್ಸಿಲ ಎಂಬ ಈ ಬಯಲು ಗೆಡ್ಡೆಯನ್ನು ಜೂನ್ ತಿಂಗಳಲ್ಲಿ, ನೀಲಿ ಹೂವು ಬಿಟ್ಟಾಗ ಗುರುತಿಸಿ, ಮೊನಚಾದ ಕೋಲಿನಿಂದ ಗಟ್ಟಿ ಮಣ್ಣನ್ನು ಮೀಟಿ ಕೀಳುತ್ತಾರೆ. ಸ್ವಲ್ಪ ತಡವಾದರೆ ಗಿಡ ಬುಡದಲ್ಲಿ ಮುರಿದು ಗಾಳಿಯಲ್ಲಿ ಉರುಳಿಹೋಗುತ್ತದೆ, ಆಮೇಲೆ ಗೆಡ್ಡೆ ಎಲ್ಲಿದೆ ಎಂಬುದೇ ತಿಳಿಯದು. ತೊಗಟೆಯಂಥ ಕಂದು ಸಿಪ್ಪೆ ಸುಲಿದರೆ ಒಳಗೆ ಬಿಳಿಯ ಗೆಡ್ಡೆ. ಅದರ ಉದ್ದನೆಯ ಬೇರಿನ ಬಾಲವನ್ನು ಬಿಟ್ಟುಕೊಂಡು, ಒಂದಕ್ಕೊಂದು ಜಡೆಯಂತೆ ಹೆಣೆದು ಒಣಗಿಸಿ ಚಳಿಗಾಲದ ಸಾರಿಗೆ ಇಡುತ್ತಾರೆ. ಬೇಸಿಗೆಯ ನಡುವೆ ಚೋಕ್‌ಚೆರಿ ಹಣ್ಣು ಕಪ್ಪಾದಾಗ ಅದನ್ನು ಕೊಯ್ದು ವೊಜಾಪಿ ಎಂಬ ಗೊಜ್ಜು ಕಾಯಿಸುತ್ತಾರೆ. ಈ ಜ್ಞಾನ ಬಹುಪಾಲು ಅಜ್ಜಿಯರ ಬಳಿ ಇದೆ. ಯುವಜನರ ತರಬೇತಿಗಳಲ್ಲಿ ಅವರಿಗೆ ಗುರುಸ್ಥಾನ ದೊರೆತಿರುವುದು ಈ ಚಳವಳಿಯ ಒಂದು ದೊಡ್ಡ ಗಳಿಕೆ ಎಂದು ನನಗೆ ಅನ್ನಿಸುತ್ತದೆ. ಇನ್ನು ಬೈಸನ್‌ಗಳ ಮಾತು: ಸಿಚಾಂಗು ಬುಡಕಟ್ಟಿನ ಆರ್ಥಿಕ ಸಂಸ್ಥೆ 2020ರಲ್ಲಿ ರೋಸ್‌ಬಡ್‌ನ ಸುಮಾರು 28,000 ಎಕರೆಯನ್ನು ವೊಲಕೋಟ ಬೈಸನ್ ಬಯಲು ಎಂದು ಗುರುತಿಸಿ ಹಿಂಡನ್ನು ಮರಳಿ ತಂದಿತು. ಅಷ್ಟು ದೊಡ್ಡ ನೆಲ ಒಟ್ಟಿಗೆ ಸಿಕ್ಕಿದ್ದಕ್ಕೆ ಹಿನ್ನೆಲೆಯಿದೆ. ರೋಸ್‌ಬಡ್‌ನವರು 1943ರಲ್ಲೇ ಬುಡಕಟ್ಟು ಭೂ ಸಂಸ್ಥೆಯೊಂದನ್ನು ಕಟ್ಟಿ, ಚದುರಿದ ಹಕ್ಕುಗಳನ್ನು ಸದಸ್ಯರಿಂದ ಪಡೆದು, ಬದಲಿಗೆ ಪಾಲುಪತ್ರ ಕೊಡುವ ವ್ಯವಸ್ಥೆ ಮಾಡಿಕೊಂಡಿದ್ದರು. ಭೂಮಿಯ ಹಕ್ಕು ಒಂದುಗೂಡಿದ ಕಡೆ ಸಾವಿರಾರು ಎಕರೆಯ ಯೋಜನೆ ಸಾಧ್ಯವಾಗಿದೆ, ಚದುರಿಯೇ ಉಳಿದ ಕಡೆ ತೋಟ ಹಿತ್ತಿಲು ದಾಟಿಲ್ಲ. ಇಡೀ ಪ್ರಶ್ನೆಯ ಕೀಲಿ ಇರುವುದು ಇಲ್ಲಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಹಂಚಿಹೋದ ಹಕ್ಕುಗಳನ್ನು ಕೊಂಡು ಬುಡಕಟ್ಟುಗಳಿಗೆ ಮರಳಿಸಲು ಕೇಂದ್ರ ಸರ್ಕಾರವೂ ಒಂದು ಪ್ರಯತ್ನ ಮಾಡಿತು. ವಿಶ್ವಸ್ತ ಭೂಮಿಯ ಲೆಕ್ಕಪತ್ರದ ಅವ್ಯವಹಾರದ ವಿರುದ್ಧ ಬ್ಲ್ಯಾಕ್‌ಫೀಟ್ ಬುಡಕಟ್ಟಿನ ಎಲೊಯಿಸ್ ಕೊಬೆಲ್ ಹೂಡಿದ ಮೊಕದ್ದಮೆ 340 ಕೋಟಿ ಡಾಲರಿನ ರಾಜಿಯಲ್ಲಿ ಮುಗಿಯಿತು. ಅದರಲ್ಲಿ 190 ಕೋಟಿಯನ್ನು ಭೂಹಕ್ಕು ಖರೀದಿಗೆ ಮೀಸಲಿಟ್ಟು ಹತ್ತು ವರ್ಷ ಕೆಲಸ ಮಾಡಲಾಯಿತು. ಪೈನ್ ರಿಜ್‌ನಂಥ, ಹಕ್ಕು ಅತಿ ಹೆಚ್ಚು ಚದುರಿದ ಪ್ರದೇಶಗಳು ಅದರ ಮುಖ್ಯ ಫಲಾನುಭವಿಗಳಾಗಿದ್ದವು. 2022ರ ನವೆಂಬರ್‌ನಲ್ಲಿ ಅವಧಿ ಮುಗಿದು ಕಾರ್ಯಕ್ರಮ ನಿಂತಿತು. ಆದರೆ ಒಬ್ಬೊಬ್ಬ ವೃದ್ಧರು ತೀರಿಕೊಂಡಾಗಲೂ ಹಕ್ಕು ಮತ್ತೆ ಒಡೆಯುತ್ತಲೇ ಇದೆ.

ಈ ನಡುವೆ ಕೊಳ್ಳುವವರ ಪ್ರಶ್ನೆ ಮುಂದೆ ಬಂದಿದೆ. ಸಣ್ಣ ತೋಟಗಳು ದೊಡ್ಡದಾಗಬೇಕಾದರೆ ಬೆಳೆದದ್ದನ್ನು ಖಾತ್ರಿಯಾಗಿ ಕೊಳ್ಳುವವರು ಬೇಕು. ಮೀಸಲು ಪ್ರದೇಶದಲ್ಲಿ ಅಂಥ ದೊಡ್ಡ ಖರೀದಿದಾರರೆಂದರೆ ಶಾಲೆಗಳು ಮತ್ತು ಪಡಿತರ ಯೋಜನೆಗಳೇ. ಸ್ಥಳೀಯ ಬೆಳೆಗಾರರಿಂದ ಆಹಾರ ಕೊಂಡು ಹಂಚಲು ರಾಜ್ಯಗಳಿಗೂ ಬುಡಕಟ್ಟು ಸರ್ಕಾರಗಳಿಗೂ ನೇರವಾಗಿ ಹಣ ಕೊಡುತ್ತಿದ್ದ ಕೇಂದ್ರದ ಕಾರ್ಯಕ್ರಮವೊಂದು ಕೊರೋನಾ ನಂತರದ ವರ್ಷಗಳಲ್ಲಿ ಈ ಕೊರತೆಯನ್ನು ತುಂಬತೊಡಗಿತ್ತು. 2025ರ ಮಾರ್ಚ್‌ನಲ್ಲಿ ಕೃಷಿ ಇಲಾಖೆ ಅದರ ಮುಂದಿನ ಕಂತನ್ನೂ, ಶಾಲೆಗಳಿಗಿದ್ದ ಅದೇ ಬಗೆಯ ಯೋಜನೆಯನ್ನೂ ರದ್ದುಮಾಡಿತು. ಎರಡೂ ಸೇರಿ ದೇಶದಾದ್ಯಂತ ನೂರು ಕೋಟಿ ಡಾಲರಿಗೂ ಹೆಚ್ಚು. ಅದೇ ವರ್ಷದ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ ಕೇಂದ್ರ ಸರ್ಕಾರದ ಕಚೇರಿಗಳು ಮುಚ್ಚಿದ್ದಾಗ ಬಡವರ ಆಹಾರ ನೆರವಿನ ನವೆಂಬರ್ ಕಂತು ಸಕಾಲಕ್ಕೆ ಬರಲಿಲ್ಲ. ವಾಷಿಂಗ್ಟನ್ನಿನ ಜಗಳದಿಂದ ಡಕೋಟದ ಅಡುಗೆಮನೆ ಬರಿದಾಗುವುದು ಲಕೋಟರಿಗೆ ಹೊಸ ಅನುಭವವಲ್ಲ. ತೋಟಗಳು ಈ ಕೊರತೆಯನ್ನು ತುಂಬಿಬಿಡುತ್ತವೆ ಎಂದು ಹೇಳುವುದು ಅಪ್ರಾಮಾಣಿಕವಾಗುತ್ತದೆ. ಎರಡು ಎಕರೆ ತರಕಾರಿ ಸಾವಿರಾರು ಜನರ ಹೊಟ್ಟೆ ತುಂಬಿಸಲಾರದು. ಬೇಸಿಗೆಯಲ್ಲಿ ಬಾಟಲಿಗೆ ಹಾಕಿಟ್ಟದ್ದು, ಒಣಗಿಸಿಟ್ಟದ್ದು ಇದ್ದ ಮನೆ ಅಂಥ ತಿಂಗಳನ್ನು ಬೇರೆ ರೀತಿ ಎದುರಿಸಬಲ್ಲದು ಎಂಬಷ್ಟನ್ನು ಮಾತ್ರ ಧೈರ್ಯವಾಗಿ ಹೇಳಬಹುದು.

ಆದ್ದರಿಂದ ಈಗ ಹೋರಾಟ ಇರುವುದು ಖರೀದಿಯ ಅಧಿಕಾರಕ್ಕಾಗಿ. ಮೀಸಲು ಪ್ರದೇಶಗಳ ಪಡಿತರ ಯೋಜನೆಗೆ ಬೇಕಾದ ಆಹಾರದ ಒಂದು ಭಾಗವನ್ನು ಬುಡಕಟ್ಟು ಸರ್ಕಾರಗಳೇ ತಮಗೆ ಬೇಕಾದವರಿಂದ ಕೊಳ್ಳಬಹುದು ಎಂಬ ಪ್ರಾಯೋಗಿಕ ಅವಕಾಶವನ್ನು 2018ರ ಕೃಷಿ ಕಾಯಿದೆ ತೆರೆಯಿತು. ಆ ಕಾಯಿದೆಯ ಮೂಲ ಅವಧಿ 2023ರಲ್ಲೇ ಮುಗಿದು, ವಿಸ್ತರಣೆಗಳ ಮೇಲೆ ನಡೆಯುತ್ತಾ ಬಂದಿದೆ. ಈ ಅವಕಾಶವನ್ನು ಎಲ್ಲ ಬುಡಕಟ್ಟುಗಳಿಗೂ ಕಾಯಂ ಹಕ್ಕಾಗಿ ಕೊಡಬೇಕು ಎಂಬುದು ಬುಡಕಟ್ಟುಗಳ ಕೃಷಿ ಕಾಯಿದೆ ಒಕ್ಕೂಟದ ಬೇಡಿಕೆ. ಅದು ಈಡೇರಿದರೆ ರೋಸ್‌ಬಡ್‌ನ ಬೈಸನ್ ಮಾಂಸವನ್ನೂ ಕೈಲ್‌ನ ಆಲೂಗೆಡ್ಡೆಯನ್ನೂ ಈಗಲ್ ಬ್ಯೂಟ್‌ನ ಕುಂಬಳವನ್ನೂ ಪಡಿತರದ ಪೆಟ್ಟಿಗೆಗೆ ಸೇರಿಸುವ ಆದೇಶಕ್ಕೆ ಲಕೋಟರೇ ಸಹಿ ಹಾಕಬಹುದು. ಎರಡು ಎಕರೆಯ ತೋಟವನ್ನು ಇಪ್ಪತ್ತು ಎಕರೆಗೆ ಬೆಳೆಸಲು ಹೊರಟವರು ಬ್ಯಾಂಕಿನ ಮುಂದೆ ಇಡಬಹುದಾದ ಮೊದಲ ಖಾತ್ರಿಯ ದಾಖಲೆಯೂ ಅಂಥ ಖರೀದಿ ಒಪ್ಪಂದವೇ ಆಗುತ್ತದೆ.